ಎಂ.ಎ. ಮನೋವಿಜ್ಞಾನ: ಎಲ್ಲಿ ಓದಬೇಕು, ಯಾರ ಕೈಕೆಳಗೆ ಕಲಿಯಬೇಕು?

ಪ್ರಶ್ನೆ: ನಾನು ಡೊಂಬಿವಲಿಯವಳು, ಮನೋವಿಜ್ಞಾನದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಏಳನೆಯ ತರಗತಿಯವರೆಗೆ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತೆ. ಎಂ.ಎ.ಗೆ ಕಲೀನಾದ ವಿಶ್ವವಿದ್ಯಾಲಯ ವಿಭಾಗ, ದೇವನಾರಿನ ಟಾಟಾ ಸಂಸ್ಥೆ, ಪುಣೆ ಈ ಮೂರರಲ್ಲಿ ಯಾವುದು ಒಳ್ಳೆಯದು? ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಮುಗಿಸು ಎಂದು ಅಣ್ಣ ಹೇಳುತ್ತಾನೆ. ನೇರವಾಗಿ ನಿಮ್ಹಾನ್ಸ್ ಸೇರು ಎಂದು ಬೆಂಗಳೂರಿನ ಚಿಕ್ಕಮ್ಮ ಹೇಳುತ್ತಾರೆ. ತಂದೆಯವರು ದಾದರಿನ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಾರೆ, ಹೆಚ್ಚು ಖರ್ಚು ಮಾಡುವ ಸ್ಥಿತಿ ನಮ್ಮದಲ್ಲ. ಇಂಗ್ಲಿಷ್ ಸಂದರ್ಶನವೆಂದರೆ ಭಯ. ಗೆಳತಿಯರೆಲ್ಲ ತಮ್ಮ ಕಷ್ಟವನ್ನು ನನ್ನ ಹತ್ತಿರವೇ ಹೇಳಿಕೊಳ್ಳುತ್ತಾರೆ. ಊರಿನಲ್ಲಿ ನನ್ನ ಸೋದರಮಾವನಿಗೆ ಮಾನಸಿಕ ಕಾಯಿಲೆ ಇದೆ. ಅದನ್ನು ಅರ್ಜಿಯಲ್ಲಿ ಬರೆಯಬಹುದೇ? ನನಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂಬ ಆಸೆ.

ಉತ್ತರ: ನಿಮ್ಮ ಪತ್ರದ ತುಂಬ ಸಂಸ್ಥೆಗಳ ಹೆಸರುಗಳಿವೆ, ನೀವು ಮಾಡಬಯಸುವ ಕೆಲಸದ ಹೆಸರು ಮಾತ್ರ ಕಟ್ಟಕಡೆಯ ಸಾಲಿನಲ್ಲಿದೆ. ನಾನು ಆ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಸ್ಪಷ್ಟವಾಗದೆ ಕಲೀನಾವೋ ದೇವನಾರೋ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ನಮ್ಮ ದೇಶದಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬುದು ಎಂ.ಎ. ಮುಗಿಸಿದವರೆಲ್ಲ ತಮ್ಮ ಫಲಕದ ಮೇಲೆ ಬರೆಸಿಕೊಳ್ಳಬಹುದಾದ ಪದವಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಪ್ರಕಾರ ಈ ವೃತ್ತಿಯವರು ಪರಿಷತ್ತಿನಲ್ಲಿ, ಅಂದರೆ ಎಲ್ಲರೂ ಆರ್‌ಸಿಐ ಎಂದು ಕರೆಯುವ ಸಂಸ್ಥೆಯಲ್ಲಿ, ಹೆಸರು ನೋಂದಾಯಿಸಿಕೊಂಡಿರಬೇಕು. ಹಾಗಿಲ್ಲದೆ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೆ 1000 ರೂಪಾಯಿಯವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇನ್ನೂ ಸ್ಪಷ್ಟವಾಗಿದೆ. ಪರಿಷತ್ತು ಒಪ್ಪಿದ ಸಂಸ್ಥೆಯಿಂದ ಕ್ಲಿನಿಕಲ್ ಸೈಕಾಲಜಿಯಲ್ಲಿ ಮಾನ್ಯ ಅರ್ಹತೆ ಇರಬೇಕು, ಇಲ್ಲವೆ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಮಾಡಿರಬೇಕು ಎಂದು ಅದು ಹೇಳುತ್ತದೆ, ಮತ್ತು ಆ ಎಂ.ಫಿಲ್.ನಲ್ಲಿ ಮೇಲ್ವಿಚಾರಣೆಯ ಅಡಿಯಲ್ಲಿ ನಡೆದ ಚಿಕಿತ್ಸಾ ತರಬೇತಿ ಸೇರಿರಬೇಕೆಂಬುದನ್ನೂ ಬಿಡಿಸಿ ಹೇಳಿದೆ. ‘ಮೇಲ್ವಿಚಾರಣೆ’ ಎಂಬ ಆ ಪದವನ್ನು ದಯವಿಟ್ಟು ನೆನಪಿನಲ್ಲಿಡಿ, ನಾನು ಮತ್ತೆ ಅದಕ್ಕೇ ಬರುತ್ತೇನೆ.

ಈ ನಡುವೆ ಒಂದು ಗೊಂದಲ ಹುಟ್ಟಿಕೊಂಡಿದೆ. ಹೊಸ ಶಿಕ್ಷಣ ನೀತಿಯ ನಂತರ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2022ರ ನಿಯಮಗಳಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಎಂಬ ಎರಡು ವಿಷಯಗಳಿಗೆ ಮಾತ್ರ ವಿನಾಯಿತಿ ಕೊಟ್ಟು, ಅವುಗಳ ಮಾನ್ಯತೆಯನ್ನು 2025–26ರ ಶೈಕ್ಷಣಿಕ ವರ್ಷದವರೆಗೆ ವಿಸ್ತರಿಸಿತು. ಹಳೆಯ ದಾರಿಯ ಜಾಗಕ್ಕೆ ಪರಿಷತ್ತಿನ ಅಂಗೀಕಾರ ಪಡೆದ ಎಂ.ಎ. ಕ್ಲಿನಿಕಲ್ ಸೈಕಾಲಜಿ ಮತ್ತು ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಎಂಬ ಹೊಸ ಕೋರ್ಸುಗಳು ಬರುತ್ತಿವೆ. ನಿಮ್ಮಂಥವರು ಎಡವುವುದು ಇಲ್ಲಿಯೇ: ಒಂದೇ ಹೆಸರಿನ ಎರಡು ಪದವಿಗಳು, ಪರಿಷತ್ತಿನ ಅಂಗೀಕಾರವಿರುವುದೂ ಇಲ್ಲದ್ದೂ, ಈಗ ಅಕ್ಕಪಕ್ಕದಲ್ಲಿವೆ. ಪದವಿಯ ಹೆಸರಿನಲ್ಲಿ ‘ಕ್ಲಿನಿಕಲ್’ ಎಂಬ ಪದವಿದ್ದ ಮಾತ್ರಕ್ಕೆ ನೋಂದಣಿ ಸಿಗುವುದಿಲ್ಲ. ಆ ಸಂಸ್ಥೆಯ ಆ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಅನ್ವಯಿಸುವಂತೆ, ಪರಿಷತ್ತಿನ ಅಂಗೀಕಾರವಿರಬೇಕು. ಅಂಗೀಕಾರವನ್ನು ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ಸಂಖ್ಯೆಯ ಸೀಟುಗಳಿಗೆ ಕೊಡುತ್ತಾರೆ. ಅದರ ಪಟ್ಟಿ ಪರಿಷತ್ತಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಕಾಲೇಜಿನ ಕರಪತ್ರವನ್ನು ನಂಬುವ ಮುನ್ನ ಆ ಪಟ್ಟಿಯನ್ನು ನೋಡಿ. ‘ಅಂಗೀಕಾರ ಇನ್ನೇನು ಬರಲಿದೆ’ ಎಂಬ ಮಾತನ್ನು ಬಂದಿಲ್ಲ ಎಂದೇ ಓದಿಕೊಳ್ಳಿ.

ನೋಂದಣಿಯಿಲ್ಲದ ಎಂ.ಎ. ವ್ಯರ್ಥವೆಂದು ಇದರ ಅರ್ಥವಲ್ಲ. ಶಾಲೆ ಕಾಲೇಜುಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಕಂಪನಿಗಳಲ್ಲಿ ಆಪ್ತಸಮಾಲೋಚಕರಾಗಿ ದುಡಿಯುತ್ತಿರುವ ಬಹುಪಾಲು ಜನ ಎಂ.ಎ. ಪದವೀಧರರೇ. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯಿದೆ, ಪುನರ್ವಸತಿ ಪರಿಷತ್ತಿನ ವ್ಯಾಪ್ತಿಯ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಬಿಟ್ಟು ಉಳಿದ ಮನೋವಿಜ್ಞಾನಿಗಳನ್ನೂ ವರ್ತನಾ ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿದೆ. ಆದ್ದರಿಂದ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು ಇಷ್ಟು: ಆಸ್ಪತ್ರೆಯ ವಾರ್ಡಿನಲ್ಲಿ ಮನೋವೈದ್ಯರ ಜೊತೆ ಕೆಲಸ ಮಾಡುತ್ತ, ಪರೀಕ್ಷೆಗಳನ್ನು ನಡೆಸಿ ವರದಿ ಬರೆಯುತ್ತ, ತೀವ್ರ ಕಾಯಿಲೆಯವರ ಜೊತೆ ವರ್ಷಗಟ್ಟಲೆ ಇರಲು ನಿಮಗೆ ಇಷ್ಟವೇ? ಅಥವಾ ದಿನನಿತ್ಯದ ಸಂಕಟ ಹೊತ್ತು ಬಂದವರೊಡನೆ ಕುಳಿತು ಮಾತಾಡುವುದು ಇಷ್ಟವೇ? ಮೊದಲನೆಯದಾದರೆ ಎಂ.ಎ. ಕೇವಲ ಮೊದಲ ಮೆಟ್ಟಿಲು, ಎರಡನೆಯದಾದರೆ ಅದು ಬಹುಮಟ್ಟಿಗೆ ಮನೆಯ ಹೊಸ್ತಿಲು. ನಿಮ್ಮ ಪತ್ರವನ್ನು ಓದಿದಾಗ ನಿಮಗೆ ಈ ವ್ಯತ್ಯಾಸವನ್ನು ಯಾರೂ ಹೇಳಿದಂತೆ ಕಾಣಲಿಲ್ಲ.

ಈಗ ಮೇಲ್ವಿಚಾರಣೆಯ ಮಾತು. ಮನೋವಿಜ್ಞಾನದ ಸಿದ್ಧಾಂತಗಳನ್ನು ಗ್ರಂಥಾಲಯದಲ್ಲಿ ಕುಳಿತು ಕಲಿಯಬಹುದು. ಎದುರಿಗೆ ಕುಳಿತ ಮನುಷ್ಯ ಹತ್ತು ನಿಮಿಷ ಮಾತೇ ಆಡದಿದ್ದರೆ ಏನು ಮಾಡಬೇಕು, ಸಾಯಬೇಕೆನಿಸುತ್ತದೆ ಎಂದವರ ಮುಂದೆ ಮುಂದಿನ ವಾಕ್ಯವನ್ನು ಹೇಗೆ ಆಡಬೇಕು ಎಂಬುದನ್ನು ಮಾತ್ರ ಅನುಭವಿಗಳ ಕೈಕೆಳಗೇ ಕಲಿಯಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಮೂರನೆಯ ವಾರದಲ್ಲೇ ನನ್ನನ್ನು ಒಂದು ಕೊಠಡಿಯಲ್ಲಿ ಕೂರಿಸಿ, ಮಗನನ್ನು ಕಳೆದುಕೊಂಡ ತಾಯಿಯೊಬ್ಬರನ್ನು ಒಳಗೆ ಕಳುಹಿಸಿದರು. ಮಾರ್ಗದರ್ಶಕರು ಆ ದಿನ ಊರಲ್ಲಿರಲಿಲ್ಲ, ಮುಂದಿನ ವಾರವೂ ಇರಲಿಲ್ಲ. ನಾನು ಆ ತಾಯಿಗೆ ಪುಸ್ತಕದಲ್ಲಿದ್ದ ದುಃಖದ ಹಂತಗಳನ್ನು ವಿವರಿಸಿದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡು ಎದ್ದು ಹೋದವರು ಮತ್ತೆ ಬರಲಿಲ್ಲ. ನಾನು ಏನು ತಪ್ಪು ಮಾಡಿದೆನೆಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲವೆಂಬುದು ಆ ತಪ್ಪಿಗಿಂತ ದೊಡ್ಡ ಕೊರತೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಆದ್ದರಿಂದ ಯಾವುದೇ ಕೋರ್ಸಿನ ಬಗ್ಗೆ ಪ್ರಾಧ್ಯಾಪಕರನ್ನಲ್ಲ, ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಹುಡುಕಿ ವಿಚಾರಿಸಿ. ಪ್ರಾಯೋಗಿಕ ತರಬೇತಿಗೆ ವಾರದಲ್ಲಿ ಎಷ್ಟು ದಿನ, ಎಲ್ಲಿಗೆ ಕಳುಹಿಸುತ್ತಾರೆ? ಜಾಗವನ್ನು ವಿಭಾಗವೇ ಗೊತ್ತುಮಾಡುತ್ತದೆಯೋ ಅಥವಾ ‘ನೀವೇ ಹುಡುಕಿಕೊಳ್ಳಿ’ ಎನ್ನುತ್ತದೆಯೋ? ಒಬ್ಬ ವ್ಯಕ್ತಿಯನ್ನು ನೋಡಿ ಬಂದ ನಂತರ ಆ ಕುರಿತು ನಿಮ್ಮೊಡನೆ ಕೂರುವವರು ಯಾರು, ಎಷ್ಟು ಹೊತ್ತು, ಒಬ್ಬೊಬ್ಬರೊಡನೆಯೋ ಗುಂಪಿನಲ್ಲೋ? ಈ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ತಡವರಿಸದೆ ಉತ್ತರಿಸಿದರೆ ಆ ವಿಭಾಗ ಚೆನ್ನಾಗಿದೆ. ನಕ್ಕು ಮಾತು ತೇಲಿಸಿದರೆ, ಕಟ್ಟಡ ಎಷ್ಟೇ ದೊಡ್ಡದಿರಲಿ, ಯೋಚಿಸಿ.

ನೀವು ಹೆಸರಿಸಿದ ಜಾಗಗಳಿಗೆ ಬರೋಣ. ಮುಂಬಯಿ ವಿಶ್ವವಿದ್ಯಾಲಯದ ಅನ್ವಯಿಕ ಮನೋವಿಜ್ಞಾನ ವಿಭಾಗ ಕಲೀನಾದ ವಿದ್ಯಾನಗರಿಯಲ್ಲಿದೆ, ನಮ್ಮ ಕನ್ನಡ ವಿಭಾಗವಿರುವ ಆವರಣದಲ್ಲಿಯೇ. ಕ್ಲಿನಿಕಲ್, ಕೌನ್ಸೆಲಿಂಗ್, ಔದ್ಯೋಗಿಕ, ಸಾಮಾಜಿಕ ಎಂಬ ವಿಶೇಷ ವಿಷಯಗಳನ್ನು ಕಲಿಸುತ್ತ ಬಂದಿರುವ ಹಳೆಯ ವಿಭಾಗವದು. ಸಾರ್ವಜನಿಕ ವಿಶ್ವವಿದ್ಯಾಲಯವಾದ್ದರಿಂದ ಖರ್ಚಿನಲ್ಲಿ ನಿಮ್ಮ ಕೈಗೆಟುಕುತ್ತದೆ, ಡೊಂಬಿವಲಿಯಿಂದ ಕುರ್ಲಾಕ್ಕೆ ಲೋಕಲ್, ಅಲ್ಲಿಂದ ಬಸ್ಸು ಎಂಬ ದಾರಿಯೂ ಹೊಸದೇನಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿ ಹುಟ್ಟಿದ್ದು. ವಿದ್ಯಾರ್ಥಿಯನ್ನು ತರಗತಿಯಿಂದ ಎಬ್ಬಿಸಿ ಬಸ್ತಿಗೆ, ಆಸ್ಪತ್ರೆಗೆ, ನ್ಯಾಯಾಲಯದ ಮೆಟ್ಟಿಲಿಗೆ ಕಳುಹಿಸುವ ಅಭ್ಯಾಸ ಅದರ ಬೇರಿನಲ್ಲೇ ಇದೆ, ಅಲ್ಲಿನ ಅನ್ವಯಿಕ ಮನೋವಿಜ್ಞಾನದ ಎಂ.ಎ.ಗೂ ಆ ಗುಣ ಇಳಿದು ಬಂದಿದೆ. ಬಡತನ, ಜಾತಿ, ವಲಸೆ ಇವನ್ನು ಬಿಟ್ಟು ಮನಸ್ಸನ್ನು ಮಾತ್ರ ಓದಲಾಗದು ಎಂದು ನಿಮಗೆ ಅನಿಸಿದ್ದರೆ ದೇವನಾರು ನಿಮಗೆ ಹೊಂದುತ್ತದೆ. ಅಲ್ಲಿಗೆ ಸಿಯುಇಟಿ–ಪಿಜಿ ಎಂಬ ರಾಷ್ಟ್ರಮಟ್ಟದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಬೇಕು, ಮತ್ತು ಅದನ್ನು ಬರೆದರಷ್ಟೇ ಸಾಲದು, ಸಂಸ್ಥೆಗೂ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಪರೀಕ್ಷೆ ಚೆನ್ನಾಗಿ ಮಾಡಿ ಈ ಎರಡನೆಯ ಅರ್ಜಿಯನ್ನು ಮರೆತವರನ್ನು ನಾನು ನೋಡಿದ್ದೇನೆ. ಇತ್ತೀಚಿನ ವರ್ಷಗಳಲ್ಲಿ ಸಿಯುಇಟಿ–ಪಿಜಿ ಅರ್ಜಿ ವರ್ಷಾಂತ್ಯದ ಸುಮಾರಿಗೆ ತೆರೆದು, ಪರೀಕ್ಷೆ ಮಾರ್ಚಿನಲ್ಲಿ ನಡೆದಿದೆ, ಬಿ.ಎ. ಫಲಿತಾಂಶ ಬಂದ ಮೇಲೆ ಯೋಚಿಸಿದರಾಯಿತು ಎಂದರೆ ಒಂದು ವರ್ಷ ಕೈತಪ್ಪುತ್ತದೆ.

ಪುಣೆ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಮೊದಲಿಗೆ ಪ್ರಾಯೋಗಿಕ ಮನೋವಿಜ್ಞಾನದ ವಿಭಾಗವೆಂದೇ ಹೆಸರಾಗಿದ್ದದ್ದು. ಅಳತೆ, ಪ್ರಯೋಗ, ಸಂಖ್ಯಾಶಾಸ್ತ್ರದಲ್ಲಿ ಒಲವುಳ್ಳವರಿಗೆ, ಮುಂದೆ ಪಿಎಚ್.ಡಿ. ಯೋಚನೆಯಿರುವವರಿಗೆ ಒಳ್ಳೆಯದು. ಮಕ್ಕಳ ಬುದ್ಧಿಮತ್ತೆ ಮತ್ತು ಶಿಕ್ಷಣದ ಕುರಿತು ಆಸಕ್ತಿಯಿದ್ದವರು 1962ರಲ್ಲಿ ಆರಂಭವಾದ ಅಲ್ಲಿನ ಜ್ಞಾನ ಪ್ರಬೋಧಿನಿ ಎಂಬ ಶಿಕ್ಷಣ ಸಂಸ್ಥೆಯ ಕೆಲಸವನ್ನೂ ಹೋಗಿ ನೋಡಬೇಕು. ಆದರೆ ನಿಮ್ಮ ಪಾಲಿಗೆ ಪುಣೆಯೆಂದರೆ ಹಾಸ್ಟೆಲ್ಲು, ಊಟ, ಬಾಡಿಗೆ. ದಿನವೂ ಓಡಾಡುತ್ತೇನೆಂಬ ಹುಮ್ಮಸ್ಸು ಬೇಡ. ಡೆಕ್ಕನ್ ಕ್ವೀನ್ ಕೂಡ ಬೆಳಿಗ್ಗೆ ಪುಣೆಯಿಂದ ಮುಂಬಯಿಗೆ ಬರುವ ಗಾಡಿ, ನಿಮಗೆ ಬೇಕಾದದ್ದು ಅದರ ಎದುರು ದಿಕ್ಕು. ಎಂ.ಎ. ನಂತರದ ಮೆಟ್ಟಿಲಿಗಾಗಿ ಮಾತ್ರ ಪುಣೆಯನ್ನು ಗುರುತು ಹಾಕಿಟ್ಟುಕೊಳ್ಳಿ: ಸಸೂನ್ ಆಸ್ಪತ್ರೆಯ ಆವರಣದ ಮಹಾರಾಷ್ಟ್ರ ಮಾನಸಿಕ ಆರೋಗ್ಯ ಸಂಸ್ಥೆ ಕ್ಲಿನಿಕಲ್ ಸೈಕಾಲಜಿಯ ಉನ್ನತ ತರಬೇತಿ ನೀಡುತ್ತ ಬಂದಿದೆ.

ನಿಮ್ಮ ಅಣ್ಣನ ಸಲಹೆಗೆ ಉತ್ತರ ಚಿಕ್ಕದು. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನವೂ ಸೇರಿದಂತೆ ಆರೋಗ್ಯ ಸಂಬಂಧಿ ವಿಷಯಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಕೂಡದೆಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಈಗಲೂ ಯಾರಾದರೂ ಮನೆಯಲ್ಲೇ ಕುಳಿತು ಮುಗಿಸಬಹುದಾದ ಎಂ.ಎ. ಮನೋವಿಜ್ಞಾನ ಎಂದು ಜಾಹೀರಾತು ಕೊಟ್ಟರೆ ಹಣ ಕಟ್ಟಬೇಡಿ.

ಚಿಕ್ಕಮ್ಮನವರ ಸಲಹೆ ತಪ್ಪಲ್ಲ, ಆದರೆ ನಡುವಿನ ಒಂದು ಮೆಟ್ಟಿಲನ್ನು ಹಾರಿದೆ. ಇಂದಿನ ನಿಮ್ಹಾನ್ಸ್ ಆದದ್ದು 1974ರಲ್ಲಿ. ಅದಕ್ಕೂ ಮೊದಲು, ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿದ್ದ ಕಾಲದಲ್ಲಿ, 1955ರಲ್ಲಿಯೇ ಅಲ್ಲಿ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ಆರಂಭವಾಯಿತು, ಈ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಯ ತರಬೇತಿ ಬೇರೂರಿದ್ದು ಅಲ್ಲಿಂದಲೇ. ಅಲ್ಲಿನ ಎಂ.ಫಿಲ್.ಗೆ ಸ್ನಾತಕೋತ್ತರ ಪದವಿ ಮುಗಿಸಿದವರನ್ನೇ ತೆಗೆದುಕೊಳ್ಳುತ್ತ ಬಂದಿದ್ದಾರೆ, ಸೀಟುಗಳು ಕೆಲವೇ, ಪೈಪೋಟಿ ಇಡೀ ದೇಶದ್ದು. ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿಯೂ ಈ ತರಬೇತಿ ನೀಡುತ್ತ ಬಂದಿದ್ದಾರೆ. ಕನ್ನಡ ಬಲ್ಲ ನಿಮಗೆ ಅಲ್ಲಿನ ವಾರ್ಡಿನಲ್ಲಿ ಮೊದಲ ದಿನದಿಂದಲೇ ಕೆಲಸ ಸಾಧ್ಯ.

ಅರ್ಜಿಯೊಡನೆ ಕೇಳುವ ಉದ್ದೇಶ ಪತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪ್ರವೇಶ ಸಂದರ್ಶನದ ಮೇಜಿನ ಆಚೆ ಬದಿಯಲ್ಲಿ ನಾನು ಹಲವು ವರ್ಷ ಕುಳಿತಿದ್ದೇನೆ. ‘ಗೆಳತಿಯರೆಲ್ಲ ತಮ್ಮ ಕಷ್ಟವನ್ನು ನನ್ನ ಹತ್ತಿರವೇ ಹೇಳಿಕೊಳ್ಳುತ್ತಾರೆ’ ಎಂಬ ವಾಕ್ಯ ಅಲ್ಲಿಗೆ ಬರುವ ಅರ್ಧದಷ್ಟು ಅರ್ಜಿಗಳಲ್ಲಿ ಇರುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ನಿಮ್ಮ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ. ಒಳ್ಳೆಯ ಗೆಳತಿ ಮಾಡುವ ಕೆಲಸಕ್ಕೂ ಆಪ್ತಸಮಾಲೋಚಕಿ ಮಾಡುವ ಕೆಲಸಕ್ಕೂ ಇರುವ ದೂರ ನಿಮಗಿನ್ನೂ ಕಂಡಿಲ್ಲವೇನೋ ಎಂಬ ಸಂಶಯವೂ ಬರುತ್ತದೆ. ಅದರ ಬದಲು ಬಿ.ಎ.ಯಲ್ಲಿ ನೀವು ಮಾಡಿದ ಒಂದು ಕಿರು ಅಧ್ಯಯನವನ್ನೋ, ಬೇಸಿಗೆಯಲ್ಲಿ ಒಂದು ವಿಶೇಷ ಶಾಲೆಯಲ್ಲಿ ಕಳೆದ ನಾಲ್ಕು ವಾರಗಳನ್ನೋ ತೆಗೆದುಕೊಂಡು, ಅಲ್ಲಿ ಏನನ್ನು ನೋಡಿದಿರಿ, ಯಾವುದು ಅರ್ಥವಾಗಲಿಲ್ಲ, ಅದನ್ನು ಅರ್ಥಮಾಡಿಕೊಳ್ಳಲು ಈ ವಿಭಾಗವೇ ಏಕೆ ಬೇಕು ಎಂದು ಬರೆಯಿರಿ. ಶಿಫಾರಸು ಪತ್ರ ಕೇಳಿದರೆ ನಿಮ್ಮ ಹೆಸರನ್ನೂ ನೆನಪಿಟ್ಟಿರದ ಪ್ರಾಂಶುಪಾಲರಿಗಿಂತ, ನಿಮ್ಮ ಪ್ರಯೋಗ ಪುಸ್ತಕವನ್ನು ತಿದ್ದಿದ ಉಪನ್ಯಾಸಕರಿಂದ ಪಡೆಯುವುದು ಲೇಸು. ಪ್ರವೇಶ ಪರೀಕ್ಷೆಯಲ್ಲಿ ಹುಡುಗರೂ ಹುಡುಗಿಯರೂ ಸೋಲುವುದು ಹೆಚ್ಚಾಗಿ ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನದಲ್ಲಿ. ಫ್ರಾಯ್ಡ್‌ನನ್ನು ಎಲ್ಲರೂ ಓದಿಕೊಂಡು ಬಂದಿರುತ್ತಾರೆ.

ಸೋದರಮಾವನ ವಿಷಯವನ್ನು ಬರೆಯಬಹುದು. ಬರೆಯುವ ರೀತಿಯಲ್ಲಿ ಎರಡಿದೆ. ಆ ಕಾಯಿಲೆಯಿಂದ ಮನೆಯವರು ಪಟ್ಟ ಪಾಡನ್ನು ಬಣ್ಣಿಸಿ, ಅಂಥವರ ಕಣ್ಣೀರು ಒರೆಸುವುದೇ ತನ್ನ ಗುರಿ ಎಂದು ಮುಗಿಸುವುದು ಒಂದು ರೀತಿ; ಅದನ್ನು ಓದಿದವರಿಗೆ ಮರುಕ ಹುಟ್ಟುತ್ತದೆ, ನಂಬಿಕೆ ಹುಟ್ಟುವುದಿಲ್ಲ. ನೀವು ಕಣ್ಣಾರೆ ಕಂಡದ್ದನ್ನು ನೆಟ್ಟಗೆ ಹೇಳುವುದು ಇನ್ನೊಂದು ರೀತಿ. ನಿಮ್ಮದು ಕರಾವಳಿಯೋ ಬಯಲುಸೀಮೆಯೋ ನನಗೆ ತಿಳಿಯದು. ಆದರೆ ನಮ್ಮ ಕಡೆಯ ಹಲವು ಮನೆಗಳಲ್ಲಿ ಆಸ್ಪತ್ರೆಗಿಂತ ಮೊದಲು ಮೈಮೇಲೆ ದೇವರು ಬರುವ ದರ್ಶನದ ಪಾತ್ರಿಯ ಬಳಿಗೋ ಮಂತ್ರದವರ ಬಳಿಗೋ ಹೋಗಿರುತ್ತಾರೆ. ನಿಮ್ಮ ಮನೆಯಲ್ಲಿಯೂ ಹಾಗಾಗಿದ್ದರೆ ಅದನ್ನು ಮುಚ್ಚಿಡಬೇಡಿ, ಗೇಲಿಯನ್ನೂ ಮಾಡಬೇಡಿ. ಅಲ್ಲಿ ಅಜ್ಜಿಗೆ ಏನು ಸಿಕ್ಕಿತು, ವೈದ್ಯರ ಬಳಿ ಏನು ಸಿಗಲಿಲ್ಲ, ಗುಳಿಗೆ ನಡುವೆ ನಿಂತದ್ದು ಏಕೆ ಎಂದು ಕೇಳಬಲ್ಲ ವಿದ್ಯಾರ್ಥಿಯನ್ನು ಯಾವ ವಿಭಾಗವೂ ಹಗುರವಾಗಿ ಬಿಡುವುದಿಲ್ಲ. ಒಂದೆರಡು ಪ್ಯಾರಾ ಸಾಕು. ಮಾವನ ಹೆಸರು, ಊರು ಬರೆಯಬೇಡಿ. ಬೇರೆಯವರ ಗುಟ್ಟನ್ನು ಕಾಯುವುದು ಈ ವೃತ್ತಿಯ ಮೊದಲ ಶಿಸ್ತು, ಓದುವವರು ಅದನ್ನೂ ಗಮನಿಸುತ್ತಾರೆ. ಸಂದರ್ಶನದಲ್ಲಿ ಆ ಮಾತು ಬಂದಾಗ ಗಂಟಲು ಕಟ್ಟುವುದೆಂದು ಈಗಲೇ ಅನಿಸಿದರೆ ಅದನ್ನು ಬರೆಯದಿರುವುದೇ ಸರಿ.

ಇಂಗ್ಲಿಷಿನ ಭಯದ ಬಗ್ಗೆ ನಾನು ನಿಮಗೆ ಸಮಾಧಾನ ಹೇಳುವುದಿಲ್ಲ, ಪುರಾವೆ ಕೊಡುತ್ತೇನೆ. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಮಕ್ಕಳ ಬುದ್ಧಿಮತ್ತೆ ಅಳೆಯಲು ಬಳಸುವ ಬಿನೆ–ಕಾಮತ್ ಪರೀಕ್ಷೆಯ ಹೆಸರನ್ನು ನೀವು ಬಿ.ಎ.ಯಲ್ಲಿ ಓದಿರುತ್ತೀರಿ. ಅದರ ಮೂಲ ಹೆಸರಿನಲ್ಲಿಯೇ ‘ಮುಂಬಯಿ–ಕರ್ನಾಟಕ’ ಇತ್ತು: 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಫ್ರಾನ್ಸಿನ ಬಿನೆಯ ಮಾಪನವನ್ನು ಧಾರವಾಡದ ಕಡೆಯ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ ಅದನ್ನು ರೂಪಿಸಿದರು. ಎರಡು ಭಾಷೆಗಳ ನಡುವೆ ಓಡಾಡಬಲ್ಲ ಒಬ್ಬರು ಇಲ್ಲದಿದ್ದರೆ ಆ ಪರೀಕ್ಷೆಯೇ ಹುಟ್ಟುತ್ತಿರಲಿಲ್ಲ. ಇಂದಿನ ಮುಂಬಯಿಯಲ್ಲಿಯೂ ಸಯನ್, ಕೆಇಎಂ, ನಾಯರ್ ಆಸ್ಪತ್ರೆಗಳ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರು ‘ನನಗೆ ಆಂಗ್ಸೈಟಿ’ ಎನ್ನುವುದಿಲ್ಲ; ಎದೆ ಡವಡವ ಎನ್ನುತ್ತದೆ, ಹೊಟ್ಟೆಯೊಳಗೆ ಸಂಕಟ, ತಲೆ ಬಿಸಿಯಾಗಿದೆ, ಮನಸ್ಸು ನಿಲ್ಲುವುದಿಲ್ಲ ಎನ್ನುತ್ತಾರೆ, ಅದೂ ಮರಾಠಿಯಲ್ಲಿ, ಹಿಂದಿಯಲ್ಲಿ, ಕೆಲವೊಮ್ಮೆ ತುಳು ಕನ್ನಡದಲ್ಲಿ. ಈ ಮಾತುಗಳಲ್ಲಿ ಯಾವುದು ಕಾಯಿಲೆಯ ಲಕ್ಷಣ, ಯಾವುದು ಬರಿಯ ಆಡುನುಡಿ ಎಂದು ಬಿಡಿಸಬಲ್ಲ ಕಿವಿಯನ್ನು ಎರಡು ವರ್ಷದ ಕೋರ್ಸು ಕೊಡಲಾರದು, ನಿಮಗೆ ಅದು ಈಗಾಗಲೇ ಇದೆ. ಸಂದರ್ಶನದಲ್ಲಿ ನಿಮಗೆ ಬರುವ ಭಾಷೆಗಳ ಹೆಸರನ್ನು ಸಂಕೋಚದಿಂದಲ್ಲ, ಅರ್ಹತೆಯೆಂದೇ ಹೇಳಿ. ಇಂಗ್ಲಿಷಿನಲ್ಲಿ ಓದುವುದು, ಬರೆಯುವುದು ಮಾತ್ರ ತಪ್ಪದು; ದಿನಕ್ಕೊಂದು ಸಂಶೋಧನಾ ಲೇಖನದ ಸಾರಾಂಶವನ್ನು ಓದಿ ಅದನ್ನು ಐದು ವಾಕ್ಯಗಳಲ್ಲಿ ಗಟ್ಟಿಯಾಗಿ ಹೇಳುವ ಅಭ್ಯಾಸವನ್ನು ಇಂದಿನಿಂದ ಇಟ್ಟುಕೊಂಡರೆ ಮಾರ್ಚಿನ ಹೊತ್ತಿಗೆ ನಾಲಿಗೆ ಹೊರಳುತ್ತದೆ.

ತಂದೆಯವರ ಮುಂದೆ ಲೆಕ್ಕವನ್ನು ಪೂರ್ತಿಯಾಗಿ ಇಡಿ. ಎಂ.ಎ. ಎರಡು ವರ್ಷ, ಆಸ್ಪತ್ರೆಯ ದಾರಿಯಾದರೆ ಅದರ ಮೇಲೆ ಮತ್ತೆ ಎರಡು ವರ್ಷ ಅಥವಾ ಹೆಚ್ಚು, ಆ ಅವಧಿಯಲ್ಲಿ ಎಲ್ಲ ಕಡೆಯೂ ಶಿಷ್ಯವೇತನ ಸಿಗುವುದಿಲ್ಲ. ಎರಡು ವರ್ಷದಲ್ಲಿ ಮಗಳು ದುಡಿಯುತ್ತಾಳೆ ಎಂದುಕೊಂಡವರಿಗೆ ನಡುವೆ ಈ ಸಂಗತಿ ತಿಳಿಯುವುದು ಒಳ್ಳೆಯದಲ್ಲ. ವಿದ್ಯಾರ್ಥಿವೇತನಗಳನ್ನು ವಿಚಾರಿಸಿ, ನಗರದ ಹಲವು ಕನ್ನಡ ಸಂಘಗಳೂ ಜಾತಿ ಸಂಘಗಳೂ ಉನ್ನತ ವ್ಯಾಸಂಗಕ್ಕೆ ನೆರವು ನೀಡುತ್ತವೆ, ಕೇಳಲು ನಾಚಬೇಕಿಲ್ಲ. ಎಂ.ಎ. ನಂತರ ಒಂದೆರಡು ವರ್ಷ ಶಾಲೆಯಲ್ಲಿ ಆಪ್ತಸಮಾಲೋಚಕಿಯಾಗಿ ದುಡಿದು ಆಮೇಲೆ ಮುಂದಿನ ಮೆಟ್ಟಿಲು ಹತ್ತಿದವರು ಬಹಳ ಮಂದಿ ಇದ್ದಾರೆ, ಅವರು ಹಿಂದುಳಿದವರಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕಲೀನಾಕ್ಕೂ ದೇವನಾರಿಗೂ ಎರಡಕ್ಕೂ ಅರ್ಜಿ ಹಾಕುತ್ತಿದ್ದೆ, ಎರಡೂ ಸಿಕ್ಕರೆ ಶುಲ್ಕದ ವ್ಯತ್ಯಾಸ ಮತ್ತು ಮೇಲ್ವಿಚಾರಣೆಯ ವಿಚಾರಣೆ ಎರಡನ್ನೂ ತೂಗಿ ಆರಿಸುತ್ತಿದ್ದೆ. ಒಂದೂ ಸಿಗದಿದ್ದರೆ, ಅಂಗೀಕಾರವೂ ಇಲ್ಲದ, ತರಬೇತಿಯೂ ಇಲ್ಲದ ದುಬಾರಿ ಖಾಸಗಿ ಕೋರ್ಸಿಗೆ ಅವಸರದಲ್ಲಿ ಹಣ ಕಟ್ಟುವ ಬದಲು ಆ ಒಂದು ವರ್ಷ ವಿಶೇಷ ಮಕ್ಕಳ ಶಾಲೆಯಲ್ಲೋ ಸಹಾಯವಾಣಿಯಲ್ಲೋ ಕೆಲಸ ಮಾಡಿ, ಮತ್ತೆ ಪರೀಕ್ಷೆ ಬರೆಯುತ್ತಿದ್ದೆ. ಈ ವಾರ ಮಾಡಬೇಕಾದದ್ದು ಒಂದೇ ಕೆಲಸ: ಕುರ್ಲಾದಲ್ಲಿ ಇಳಿದು ವಿದ್ಯಾನಗರಿಗೆ ಹೋಗಿ, ವಿಭಾಗದ ಹೊರಗೆ ಚಹಾ ಕುಡಿಯುತ್ತ ನಿಂತ ಎರಡನೆಯ ವರ್ಷದ ವಿದ್ಯಾರ್ಥಿನಿ ಒಬ್ಬಳನ್ನು ಮಾತಾಡಿಸಿ, ಹೋದ ವಾರ ನಿನ್ನ ಕೇಸಿನ ಬಗ್ಗೆ ನಿನ್ನೊಡನೆ ಯಾರು ಕುಳಿತಿದ್ದರು ಎಂದು ಕೇಳಿ.